ಕೊಂಬೆಯ ಕೆಳಮೈ

ಮೇ 4, ರವಿವಾರ

ಹೊರಗೆ ನೆಲ ಸುಡುವಂಥ ಬಿಸಿಲು, ಒಳಗೆ ನಾನು ಮರಗಳಿಗೆ ಹಿಮ ಹಾಕುತ್ತ ಕೂತಿದ್ದೇನೆ. ಯಾರಾದರೂ ನೋಡಿದರೆ ಇವಳಿಗೆ ಬಿಸಿಲು ನೆತ್ತಿಗೇರಿದೆ ಅಂದಾರು.

ಹುಬ್ಬಳ್ಳಿಯ ಶಾಂಭವಿ ಮೇಡಂ ಹೋದ ವರ್ಷ ನನ್ನಿಂದ ಒಂದು ಕಣಿವೆಯ ಚಿತ್ರ ಮಾಡಿಸಿಕೊಂಡಿದ್ದರು. ತುಂಡು ತುಂಡು ಜೋಡಿಸಿ ಚಿತ್ರ ಮಾಡುವ ಆಟ ಇರುತ್ತದಲ್ಲ, ಅದರ ಡಬ್ಬಿಗೆ. ಹೊರದೇಶದಲ್ಲಿ ಚೆನ್ನಾಗಿ ಹೋಯಿತಂತೆ. ಈಗ ಅದೇ ಕಣಿವೆ ಚಳಿಗಾಲದ್ದು ಬೇಕಂತೆ. "ಗಿಡಗಳ ಮ್ಯಾಲೆ ಹಿಮ ಹಾಕ್ರಿ ಮಿನಾಜ್, ಅಷ್ಟ. ಉಳಿದದ್ದು ಹಾಂಗ ಇರಲಿ" ಅಂದರು. ಅಷ್ಟೇ ಅಂತೆ! ಹುಟ್ಟಿದ್ದು ಬಬಲೇಶ್ವರ, ಬಾಳುವೆ ಮಾಡುತ್ತಿರುವುದು ವಿಜಯಪುರದ ಅಥಣಿ ರಸ್ತೆಯ ಬಾಡಿಗೆ ಮನೆಯಲ್ಲಿ. ಹಿಮ ಎಲ್ಲಿಂದ ನೋಡಲಿ? ಆ ಕಣಿವೆಯ ಮೂಲೆಯಲ್ಲಿ ನಮ್ಮೂರ ನೆನಪಿಗೆ ಒಂದು ಜಾಲಿಮರ ಕದ್ದು ಸೇರಿಸಿದ್ದೆ. ಮೇಡಂಗೆ ಗೊತ್ತಾಗಿರಲಿಲ್ಲ. ಈಗ ಅದಕ್ಕೂ ಹಿಮ.

ಸಂಜೆ ನಾಸೀರ ಕೆಲಸದಿಂದ ಬಂದವನು ಹಿಂದೆ ನಿಂತು ಕಂಪ್ಯೂಟರ್ ನೋಡಿದ. (ಎದುರಿಗೆ "ರೀ" ಅನ್ನುತ್ತೇನೆ, ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ. ಪುಸ್ತಕ ನನ್ನದು, ಗಂಡನೂ ನನ್ನವನು.)

"ಸುಣ್ಣ ಯಾಕ ಹಚ್ಚೀ? ಗಿಡಕ್ಕ ಗೆದ್ದಲ ಹತ್ಯಾವೇನು?"

ನಗು ಬಂತು, ಸಿಟ್ಟೂ ಬಂತು. "ನಿಮಗೇನ್ ಗೊತ್ತೈತ್ರಿ ಹಿಮ?" ಅಂದೆ.

"ಯಾಕ ಗೊತ್ತಿಲ್ಲ? ನಮ್ಮಲ್ಲಿ ಪೈಪಿಗೆ ಬೇಕಾದಷ್ಟು ಬೆಳೀತೈತಿ."

ತಿಕೋಟಾ ದಾರಿಯಲ್ಲಿ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿದೆ. ನಾಸೀರ ಅಲ್ಲಿಯ ಮಷಿನ್ ನೋಡಿಕೊಳ್ಳುತ್ತಾನೆ.

ಮೇ 7, ಬುಧವಾರ

ಊಟದ ಡಬ್ಬಿಯಲ್ಲಿ ಪೈಪಿನ ಬರ್ಫ್ ಕೆರೆದು ತುಂಬಿಕೊಂಡು ಬಂದ ಮಾರಾಯ! ಮನೆ ಮುಟ್ಟುವಷ್ಟರಲ್ಲಿ ಡಬ್ಬಿಯಲ್ಲಿ ನೀರು, ನೀರಿನಲ್ಲಿ ಒಂದು ತುಣುಕು ರೊಟ್ಟಿ. ಇಬ್ಬರೂ ನಕ್ಕು ನಕ್ಕು ಸಾಕಾದೆವು.

ಆದರೆ ಒಂದು ಫೋಟೋ ಕಳಿಸಿದ್ದಾನೆ, ಅದು ಚೆನ್ನಾಗಿದೆ. ಮಷಿನ್ ರೂಮಿನ ಪೈಪು, ಸಾಲಾಗಿ ನಾಲ್ಕೈದು ವಾಲ್ವು. ಒಂದು ವಾಲ್ವಿನ ಕುತ್ತಿಗೆಯಲ್ಲಿ ಮಾತ್ರ ಕುಂಬಳಕಾಯಿಯಷ್ಟು ದಪ್ಪ ಬಿಳಿ ಗಡ್ಡೆ. ಉಳಿದವು ಬರೀ ಬೆವೆತ ಹಾಗಿವೆ. ಗಡ್ಡೆ ಎಷ್ಟು ದೊಡ್ಡದೆಂದು ಗೊತ್ತಾಗಲಿ ಅಂತ ಕರೆಪ್ಪ ಪಕ್ಕದಲ್ಲಿ ಕೈ ಇಟ್ಟಿದ್ದಾನೆ. ಅವನ ತಾಮ್ರದ ಕಡಗ ಕಾಣುತ್ತದೆ. ಕರೆಪ್ಪ ಕಳ್ಳಕವಟಗಿಯವನು, ನಾಸೀರನ ಪಾಳಿಯವನೇ. ಇಬ್ಬರದೂ ಒಂದೇ ಡಬ್ಬಿ, ಒಂದೇ ಬೀಡಿ.

"ಅದೊಂದ ವಾಲ್ವಿಗೆ ಯಾಕ್ರಿ ಅಷ್ಟು?" ಅಂತ ಕೇಳಿದೆ.

"ಅಲ್ಲಿ ತಂಪು ಮಾಡೋ ಅಮೋನಿಯಾ ಗ್ಯಾಸ್ ಸೋರಾಕತ್ತೈತಿ. ಸೋರೋ ಕಡೆ ಹಾಂಗ ಕಟ್ಟತೈತಿ. ನಾನೂ ಕರೆಪ್ಪನೂ ಎರಡ ಸಲ ಹೇಳೇವಿ ಯಾಸೀನಗ. ಸೀಜನ್ ಮುಗೀಲಿ, ಆಮ್ಯಾಲೆ ಬದಲಿ ಮಾಡೂಣು ಅಂತಾನ."

ಯಾಸೀನ ಅಲ್ಲಿಯ ಮ್ಯಾನೇಜರ್. ನಾಸೀರನಿಗೆ ಚಿಕ್ಕಪ್ಪನ ಮಗ.

ಫೋಟೋ ಕಂಪ್ಯೂಟರಿಗೆ ಹಾಕಿಕೊಂಡೆ. ಅದನ್ನೇ ನೋಡಿಕೊಂಡು ದೇವದಾರಿನ ಒಂದೊಂದು ಕೊಂಬೆಗೂ ಸುತ್ತ ದಪ್ಪಗೆ ಬಿಳಿ ಬೆಳೆಸಿದೆ. ಜಾಲಿಯ ಮುಳ್ಳನ್ನೂ ಬಿಡಲಿಲ್ಲ. ಇವತ್ತು ಕೈ ಓಡಿತು.

ಮೇ 12, ಸೋಮವಾರ

ಮೇಡಂ ಫೋನು ಮಾಡಿ ಜೋರಾಗಿ ನಕ್ಕರು.

"ಇದು ಹಿಮ ಅಲ್ರೀ ಮಿನಾಜ್, ಫ್ರಿಜ್! ಕೊಂಬಿ ಸುತ್ತ ಎಲ್ಲಾ ಕಡೆ ಬೆಳದಿದ್ದನ್ನ ಎಲ್ಲಿ ನೋಡಿದ್ರಿ ನೀವು?"

ಕೋಲ್ಡ್ ಸ್ಟೋರೇಜಿನ ಪೈಪಿನಲ್ಲಿ ಅಂತ ಹೇಗೆ ಹೇಳಲಿ.

ಮೇಡಂ ಎರಡು ವರ್ಷ ಶಿಮ್ಲಾದಲ್ಲಿದ್ದವರು, ಬಿಡಿಸಿ ಹೇಳಿದರು. ಹಿಮ ಮೇಲಿಂದ ಬೀಳುತ್ತದೆ. ಕೊಂಬೆಯ ಮೇಲ್ಮೈಯಲ್ಲಿ ಕೂರುತ್ತದೆ, ಕೆಳಮೈ ಕಪ್ಪಾಗಿಯೇ ಉಳಿಯುತ್ತದೆ. ದಪ್ಪ ಕೊಂಬೆ ಹೆಚ್ಚು ಹೊರುತ್ತದೆ, ತೆಳುವಾದದ್ದು ಬಾಗಿ ಕೆಡವುತ್ತದೆ. "ಕೆಳಗಿನ ಕಪ್ಪು ಮುಚ್ಚಿದ್ರ ಗಿಡಾನ ಸುಳ್ಳಾಗತದ ನೋಡ್ರಿ" ಅಂದರು.

ಒಂದು ವಾರದ ಕೆಲಸ ನೀರುಪಾಲು. ನಾಸೀರನಿಗೆ ಹೇಳಿದರೆ ಅವನಿಗೆ ನಗುವೋ ನಗು. ಕರೆಪ್ಪನಿಗೆ ಫೋನು ಹಚ್ಚಿ ಅವನನ್ನೂ ನಗಿಸಿದ. "ನಮ್ಮ ಬರ್ಫ್ ಹುಬ್ಬಳ್ಳಿಯವರಿಗೆ ಪಾಸ್ ಆಗ್ಲಿಲ್ಲಂತೋ ಕರೆಪ್ಪಾ!"

ಮೇ 20, ಮಂಗಳವಾರ

ನಿನ್ನೆ ಆ ವಾಲ್ವು ಕಿತ್ತು ಹೋಯಿತು. ಗ್ಯಾಸು ರೂಮು ತುಂಬಿತಂತೆ. ಕರೆಪ್ಪ ಹೋದ. ನಾಸೀರ ಆಸ್ಪತ್ರೆಯಲ್ಲಿದ್ದಾನೆ, ಕಣ್ಣಿಗೆ ಪಟ್ಟಿ, ಮೂಗಿಗೆ ನಳಿಗೆ. ನನ್ನ ಕೈ ಹಿಡಿದುಕೊಂಡಿದ್ದಾನೆ, ಯಾರ ಕೈ ಅಂತ ಗೊತ್ತಿದೆಯೋ ಇಲ್ಲವೋ.

ಮೇ 24, ಶನಿವಾರ

ಪಟ್ಟಿ ಬಿಚ್ಚಿದ್ದಾರೆ. ಕಣ್ಣು ಉಳಿಯಿತು. ಗಂಟಲು, ಪುಪ್ಪುಸ ಎರಡೂ ಸುಟ್ಟಿವೆಯಂತೆ. ಮಾತು ಪಿಸುಗುಟ್ಟುವಷ್ಟೇ. "ಮಾತಾಡಸಬ್ಯಾಡ್ರಿ, ಎಷ್ಟು ಸುಮ್ಮನಿರ್ತಾರೋ ಅಷ್ಟು ಚಲೋ" ಅಂದರು ಡಾಕ್ಟರು.

ಸುಮ್ಮನಿರುವವನೇ ಅವನು? ನನ್ನ ಕಿವಿ ಹತ್ತಿರ ಎಳೆದುಕೊಂಡು ಹೇಳಿದ. ಕರೆಪ್ಪ ವಾಲ್ವಿನ ಕಡೆ ಹೋಗಿಯೇ ಇರಲಿಲ್ಲ. ಬಾಗಿಲ ಹತ್ತಿರ ಇದ್ದವನು ನಾಸೀರನನ್ನು ಎಳೆದು ಹೊರಗೆ ಹಾಕಲು ಒಳಗೆ ಬಂದ. ಹಾಕಿದ ಕೂಡ. ತಾನು ಹೊರಗೆ ಬರಲಿಲ್ಲ.

ಆಮೇಲೆ ಯಾಸೀನ ಬಂದ. ಹೊರಗೆ ಬೆಂಚಿನ ಮೇಲೆ ಕೂತು, "ಕರೆಪ್ಪ ಕುಡದು ಬಂದಿದ್ದ ಭಾಬಿ. ತಾನ ವಾಲ್ವ್ ತಿರುವ್ಯಾನ" ಅಂದ.

"ಬಾಯಾಗ ಹುಳಾ ಬಿದ್ದಾವು ನೋಡ್ ಯಾಸೀನಭಾಯಿ. ಸತ್ತವನ ಮ್ಯಾಲೆ ಹಾಕ್ತಿಯೇನು? ನೀವು ಸೋರೋ ವಾಲ್ವ್ ಹಾಂಗ ಬಿಟ್ಟಿದ್ದು ನನಗ ಗೊತ್ತೈತಿ. ಫೋಟೋ ಐತಿ ನನ್ನ ಕಡೆ" ಅಂದುಬಿಟ್ಟೆ. ಅವನು ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದ.

ನಾಸೀರನ ಫೋನು ಅವತ್ತೇ ಆ ರೂಮಿನಲ್ಲಿ ಹಾಳಾಯಿತು. ನನ್ನ ಫೋನಿನಲ್ಲಿ ಜಾಗ ಇಲ್ಲವೆಂದು ಆ ಫೋಟೋ ಹಿಂದೆಯೇ ತೆಗೆದುಹಾಕಿದ್ದೆ. ಈಗ ಕಂಪ್ಯೂಟರಿನಲ್ಲಿರುವುದು ಒಂದೇ. ಇರಲಿ. ಒಂದೇ ಸಾಕು, ಇವರ ಬಣ್ಣ ಬಯಲು ಮಾಡಲು.

ಜೂನ್ 1, ರವಿವಾರ

ಮನೆಗೆ ಬಂದೆವು. ಜೊತೆಗೆ ಆಕ್ಸಿಜನ್ ಗಾಳಿಯ ಮಷಿನ್ನೂ ಬಂತು, ಕೋಲ್ಡ್ ಸ್ಟೋರೇಜಿನ ಸಾಹುಕಾರರು ಕಳಿಸಿಕೊಟ್ಟದ್ದು. ಹಾಸಿಗೆ ಪಕ್ಕದಲ್ಲಿ ಗುಂಯ್ ಅನ್ನುತ್ತಿರುತ್ತದೆ. ಅದರ ನಳಿಗೆ ಮೂಗಿನಲ್ಲಿದ್ದರೆ ನಾಸೀರನ ತುಟಿ ಕೆಂಪಗಿರುತ್ತದೆ, ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ನೀಲಿ.

ಮೇಡಂಗೆ ವಿಷಯ ಹೇಳಿದೆ. ಜುಲೈವರೆಗೆ ಸಮಯ ಕೊಟ್ಟರು. ಹಾಸಿಗೆ ಕಾಣುವ ಹಾಗೆ ಮೇಜು ತಿರುಗಿಸಿಕೊಂಡಿದ್ದೇನೆ.

ಯಾಸೀನ ಬಂದು ಮಷಿನ್ ಹೇಗೆ ಹಚ್ಚುವುದು ಅಂತ ತೋರಿಸಿ ಹೋದ. ಅವತ್ತು ಆಡಿದ ಮಾತಿನ ಬಗ್ಗೆ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಸಿಟ್ಟು ಇಳಿದಿಲ್ಲ. ಮನೆಗೆ ಬಂದವನಿಗೆ ಚಹಾ ಕೊಡದಿರಲು ಆಗುತ್ತದೆಯೇ, ಕೊಟ್ಟೆ.

ಜೂನ್ 7, ಶನಿವಾರ, ಬಕ್ರೀದ್

ಹಬ್ಬ ಮಾಡಲಿಲ್ಲ. ಯಾಸೀನನ ಮನೆಯಿಂದ ಮಾಂಸ ಬಂತು. ನಾಸೀರ ಮುಟ್ಟಲಿಲ್ಲ, ನುಂಗಲು ಆಗುವುದಿಲ್ಲ ಅಂದ. ಗಂಜಿ ಮಾತ್ರ ನುಂಗುತ್ತಾನೆ.

ಯಾಸೀನ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದ. "ಭಾಬಿ, ಸರಕಾರದವರ ವಿಚಾರಣೆ ಆಗತೈತಿ. ಭಾಯಿಗೆ ಮಾತಾಡಾಕ ಬರಂಗಿಲ್ಲ ಅಂತ ನಾವು ಹೇಳೇವಿ. ನಿಮಗ ಯಾರೂ ಸುಳ್ಳು ಹೇಳ್ರಿ ಅನ್ನಾಕತ್ತಿಲ್ಲ. ನೀವು ಸುಮ್ಮನಿದ್ರ ಸಾಕು. ಸಾಹುಕಾರ್ರು ಭಾಯಿನ ಕೈ ಬಿಡಂಗಿಲ್ಲ."

ನನ್ನನ್ನು ಯಾರೂ ಇನ್ನೂ ಕೇಳಿಯೇ ಇಲ್ಲ. ಕೇಳದಿದ್ದರೆ ಸುಮ್ಮನಿರುವುದು ಸುಳ್ಳಲ್ಲವಲ್ಲ.

ಹಿಮದ ಕೆಲಸ ಮೊದಲಿನಿಂದ ಹಿಡಿದೆ. ಮೊದಲು ಮರ ಪೂರ್ತಿ ಕಪ್ಪು ಮಾಡಿಕೊಂಡು ಆಮೇಲೆ ಮೇಲೆ ಮೇಲೆ ಬಿಳಿ ಇಡುತ್ತ ಬಂದರೆ ಸರಿ ಬರುತ್ತದೆ. ಬರೀ ಬಿಳಿಯೂ ಅಲ್ಲ. ನೆರಳಿರುವ ಕಡೆ ಸ್ವಲ್ಪ ನೀಲಿ ಬೇಕು.

ಜೂನ್ 15, ರವಿವಾರ

ಮುರಿಗೆವ್ವ ಬಂದಿದ್ದಳು, ಕರೆಪ್ಪನ ಹೆಂಡತಿ. ಕಳ್ಳಕವಟಗಿಯಿಂದ ಬಸ್ಸಿನಲ್ಲಿ, ಬಗಲಲ್ಲಿ ಒಂದು ಗಂಟು. ಗಂಟಿನಲ್ಲಿ ಶೇಂಗಾ ಚಟ್ನಿ. "ನಮ್ಮನಿಯವರು ಯಾವಾಗಲೂ ಡಬ್ಯಾಗ ಒಯ್ಯಾವ್ರು, ಅಣ್ಣಗ ಸೇರ್ತೈತಿ ಅಂತ" ಅಂದಳು. ಖಾರ ನುಂಗಲಾಗದ ಗಂಡನ ಮುಂದೆ ಆ ಚಟ್ನಿಯ ಡಬ್ಬಿ ಇಟ್ಟುಕೊಂಡು ನಾನು ಎಲ್ಲಿ ನೋಡಬೇಕೋ ತಿಳಿಯದೆ ಕೂತೆ.

"ಊರಾಗ ಮಾರಿ ಎತ್ತಂಗಿಲ್ಲ ಯವ್ವಾ. ಕುಡದು ತಾನೂ ಸತ್ತ, ಇನ್ನೊಬ್ಬನ ಬಾಳೂ ಹಾಳ ಮಾಡಿದ ಅಂತಾರ. ಅವರು ವಾರದಾಗ ಒಂದಿನ ಕುಡೀತಿದ್ರು, ಸುಳ್ಳ್ಯಾಕ ಹೇಳಲಿ. ಕೆಲಸಕ್ಕ ಹೋಗೂ ದಿನ ಎಂದೂ ಇಲ್ಲ. ಅಣ್ಣ ಒಂದ ಮಾತು ಹೇಳಿದ್ರ ಸಾಕು. ನನಗ ಮತ್ತೇನೂ ಬ್ಯಾಡ."

ನಾಸೀರ ಏಳಲು ನೋಡಿದ. ಉಸಿರಿಗೊಂದು ಮಾತು. "ಯಕ್ಕಾ... ಫೋಟೋ ಐತಿ... ಮಿನಾಜಳ ಕಡೆ. ಅದರಾಗ... ಎಲ್ಲಾ ಕಾಣತೈತಿ."

ಮುರಿಗೆವ್ವ ನನ್ನ ಕಡೆ ತಿರುಗಿದಳು. "ಹುಡುಕಿ ಕೊಡ್ತೀನಿ" ಅಂದೆ.

ಅವಳು ಹೋದ ಮೇಲೆ ನಾಸೀರನ ಮೇಲೆ ಚೆನ್ನಾಗಿ ಹರಿಹಾಯ್ದೆ. ಡಾಕ್ಟರು ಮಾತಾಡಬೇಡ ಅಂದರೆ ಮಾತಾಡುವುದು! ಗಂಟಲು ಪೂರ್ತಿ ಹೋದರೆ ಯಾರು ಅನುಭವಿಸಬೇಕು?

ಜೂನ್ 19, ಗುರುವಾರ

ಫೋಟೋ ಕಳಿಸಲು ಇವತ್ತೂ ಆಗಲಿಲ್ಲ. ಬಿಳಿಯ ಬಣ್ಣ ಹೊಂದಿಸಲೆಂದು ಪರದೆಯ ಪಕ್ಕದಲ್ಲಿ ಇಡೀ ದಿನ ತೆರೆದಿಟ್ಟುಕೊಂಡಿದ್ದೆ. ಕೆಲಸದ ಗಲಾಟೆಯಲ್ಲಿ ಮರೆತೇಹೋಯಿತು.

ಜೂನ್ 24, ಮಂಗಳವಾರ

ಅಲ್ಲಾಹ್ ದೊಡ್ಡವನು.

ಮಧ್ಯಾಹ್ನ ಕರೆಂಟು ಹೋಯಿತು. ಮಷಿನಿನ ಗುಂಯ್ ನಿಂತಾಗ ಮನೆ ಎಷ್ಟು ಸುಮ್ಮನಾಯಿತೆಂದರೆ ನನ್ನ ಜೀವವೇ ನಿಂತ ಹಾಗಾಯಿತು. ನಾಸೀರ ಮೊದಲು ಕೈಸನ್ನೆ ಮಾಡಿದ, ಏನಾಗಲ್ಲ ಅಂತ. ಆಮೇಲೆ ಸನ್ನೆಯೂ ಬರಲಿಲ್ಲ. ಬಾಯಿ ತೆರೆದುಕೊಂಡು ಎದೆಯನ್ನು ಮೇಲಕ್ಕೆ ಎಳೆದೆಳೆದು ಉಸಿರು ಹುಡುಕುತ್ತಿದ್ದ. ಬೀಸಣಿಗೆ ಹಿಡಿದು ಬೀಸಿದೆ. ಬೀಸಣಿಗೆಯಿಂದ ಏನಾಗುತ್ತದೆ! ಬೀಸುತ್ತಲೇ ಯಾಸೀನನಿಗೆ ಫೋನು ಹಚ್ಚಿದೆ. ಎಲ್ಲಿದ್ದನೋ, ಸಿಲಿಂಡರ್ ಹಾಕಿಕೊಂಡು ಗಾಡಿ ಓಡಿಸಿಕೊಂಡು ಬಂದ. ಗೇಟಿನಿಂದ ಒಳಗೆ ತಾನೇ ಹೊತ್ತು ತಂದ. ನಾಸೀರನ ತುಟಿಗೆ ಬಣ್ಣ ಬಂದ ಮೇಲೆ ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಹೋಗುವಾಗ ಯಾಸೀನ ಏನೂ ಕೇಳಲಿಲ್ಲ, ಏನೂ ನೆನಪಿಸಲಿಲ್ಲ. "ನಾಳೆ ಇನ್ವರ್ಟರ್ ಕೂಡ್ರಸ್ತೇವಿ ಭಾಬಿ, ಅಂಜಬ್ಯಾಡ್ರಿ" ಅಂದ ಅಷ್ಟೆ.

ಸುಮ್ಮನೆ ಬೈದುಕೊಂಡಿದ್ದೆ ಅವನನ್ನು. ಎಷ್ಟಾದರೂ ರಕ್ತಸಂಬಂಧ.

ಜೂನ್ 28, ಶನಿವಾರ

ಬುಧವಾರ ತಿಕೋಟಾದಲ್ಲಿ ವಿಚಾರಣೆ. ಮುರಿಗೆವ್ವ ಸೋಮವಾರ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾಳಂತೆ. ಮೂರು ಸಲ ಫೋನು ಮಾಡಿದಳು. ಕೊಡುವುದಿಲ್ಲ ಅಂತ ನಾನೆಲ್ಲಿ ಅಂದೆ? ಕೊಡುತ್ತೇನೆ. ಕೊಡದಿದ್ದರೆ ನಾಸೀರ ನನ್ನ ಮುಖ ನೋಡುತ್ತಾನೆಯೇ?

ಫೋಟೋ ತೆರೆದು ನೋಡಿದೆ. ಮಸುಕಾಗಿದೆ, ಬೆಳಕಿಲ್ಲ. ಹಾಗೇ ಕೊಟ್ಟರೆ ಪ್ರಿಂಟು ಚೆನ್ನಾಗಿ ಬರುವುದಿಲ್ಲ ಅಂತ ಸ್ವಲ್ಪ ಬೆಳಕು ಹೆಚ್ಚಿಸಿದೆ. ಹೆಚ್ಚಿಸಿದ ಮೇಲೆ ಆ ಒಂದು ಗಡ್ಡೆ ಮತ್ತೂ ಎದ್ದು ಕಂಡಿತು. ನೋಡುವವರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆ. ಚಿತ್ರದಲ್ಲಿ ಹಾಗಿರಬಾರದು, ಒಂದೇ ಕಡೆ ತೂಕ ಬಿದ್ದ ಹಾಗಾಗುತ್ತದೆ. ಉಳಿದ ವಾಲ್ವುಗಳಿಗೂ ಒಂದಿಷ್ಟು ಹಾಕಿದೆ. ಪೈಪುಗಳಿಗೂ. ಒಂದೊಂದಕ್ಕೂ ಬೇರೆ ಬೇರೆ ದಪ್ಪ, ಅಂಚು ಒರಟು, ನೆರಳಿಗೆ ನೀಲಿ, ಕೆಳಮೈ ಕಪ್ಪು. ಈ ತಿಂಗಳಿಡೀ ಕಲಿತದ್ದೆಲ್ಲ ಕೈಗೆ ತಾನಾಗಿ ಬಂತು. ಗಡ್ಡೆ ಕಟ್ಟಿದ ವಾಲ್ವು ಈಗ ಉಳಿದವುಗಳಲ್ಲಿ ಒಂದು. ಕರೆಪ್ಪನ ಕೈ ಮುಟ್ಟಲಿಲ್ಲ, ಕಡಗ ಸಮೇತ ಇದ್ದ ಹಾಗೇ ಇದೆ.

ಒಂದು ಚುಕ್ಕೆಯನ್ನೂ ಅಳಿಸಿಲ್ಲ. ಅಲ್ಲಾಹನ ಆಣೆ, ಇದ್ದದ್ದೆಲ್ಲ ಇದೆ. ಸೇರಿಸಿದ್ದೇನೆ ಅಷ್ಟೆ.

ಸೇವ್ ಮಾಡುವಾಗ ಹಳೆಯದರ ಮೇಲೇ ಆಯಿತು. ಎರಡೆರಡು ಇಟ್ಟುಕೊಂಡು ಏನು ಮಾಡುವುದು.

ಜೂನ್ 30, ಸೋಮವಾರ

ಮುರಿಗೆವ್ವನಿಗೆ ಪ್ರಿಂಟು ಕೊಟ್ಟೆ. ಅವಳಿಗೆ ವಾಲ್ವೂ ತಿಳಿಯದು, ಬರ್ಫೂ ತಿಳಿಯದು. ಕಡಗ ನೋಡಿದಳು. ಆ ಕೈಯನ್ನು ಬೆರಳಿನಿಂದ ಸವರಿ ಫೋಟೋವನ್ನೇ ಕಣ್ಣಿಗೊತ್ತಿಕೊಂಡಳು. "ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ" ಅಂದಳು. ಊಟ ಮಾಡಿಕೊಂಡು ಹೋಗು ಅಂದರೆ ಬಸ್ಸು ತಪ್ಪುತ್ತದೆ ಅಂತ ಹೊರಟಳು. ನನಗೂ ತಡೆಯುವ ಮನಸ್ಸಾಗಲಿಲ್ಲ.

ನಾಸೀರ ಮಲಗಿದ್ದ. ಎದ್ದ ಮೇಲೆ ಕೊಟ್ಟೆಯಾ ಅಂತ ಸನ್ನೆ ಮಾಡಿದ. ಹೂಂ ಅಂದೆ. ತೋರಿಸು ಅಂದ. ಬೇಡ, ಕಣ್ಣಿಗೆ ಶ್ರಮ ಅಂದೆ. ಕೇಳಲಿಲ್ಲ. ಪರದೆ ಅವನ ಕಡೆ ತಿರುಗಿಸಿದೆ.

ಬಹಳ ಹೊತ್ತು ನೋಡಿದ. ನಳಿಗೆ ಸರಿಮಾಡಿಕೊಂಡು ಇನ್ನೂ ಹತ್ತಿರ ಬಂದ. ಆಮೇಲೆ ಒಂದೊಂದೇ ಮಾತು ತೆಗೆದ.

"ಕೆಳಗ... ಯಾಕ ಕರೇದೈತಿ?"

ಪರದೆಯ ಧೂಳು ಸೆರಗಿನಿಂದ ಒರೆಸಿದೆ.

"ಪೈಪಿಗೆ ಸುತ್ತೂ ಬೆಳೀತೈತಲ್ಲ... ಇದು ಬರೇ ಮ್ಯಾಲೆ ಐತಿ." ಉಸಿರು ಎಳೆದುಕೊಂಡ. "ಮ್ಯಾಲಿಂದ ಬಿದ್ದಂಗೈತಿ. ಮಷಿನ್ ರೂಮಿಗೆ... ಛತ್ ಇತ್ತಲ್ಲ ಮಿನಾಜ. ಒಳಗ ಹಿಮ... ಹ್ಯಾಂಗ ಬಿತ್ತು?"

"ಖರೇದು ತಗಿ" ಅಂದ. ಇದೇ ಖರೇದು ಅಂದೆ. ನನ್ನನ್ನೇ ನೋಡಿದ. ಆ ಕಣ್ಣು ಉಳಿಯಲೆಂದು ಎಷ್ಟು ಹರಕೆ ಹೊತ್ತಿದ್ದೆ ನಾನು. ಎದ್ದು ಅನ್ನಕ್ಕೆ ಇಡಲು ಹೋದೆ.

ಜುಲೈ 2, ಬುಧವಾರ

ಬೆಳಿಗ್ಗೆ ನಾನು ನೀರು ತುಂಬುವಾಗ ನಾಸೀರ ನಳಿಗೆ ಕಿತ್ತು ಅಂಗಿ ಹಾಕಿಕೊಂಡಿದ್ದ. ತಿಕೋಟಾಕ್ಕೆ ಹೋಗುತ್ತಾನಂತೆ. ಗೋಡೆ ಹಿಡಿದು ಗೇಟಿನವರೆಗೆ ಹೋದ, ಅಲ್ಲೇ ಕುಸಿದು ಕೂತ. ರಸ್ತೆಯ ಧೂಳು ಬೇರೆ. ಪಕ್ಕದ ಮನೆಯ ಸುಮಂಗಲಾ ಓಡಿ ಬಂದಳು, ಇಬ್ಬರೂ ಹಿಡಿದು ಒಳಗೆ ತಂದೆವು.

ನಳಿಗೆ ಹಾಕುವಾಗ ನನ್ನ ಮುಂಗೈ ಗಟ್ಟಿಯಾಗಿ ಹಿಡಿದ. "ನೀನರ... ಹೋಗು. ಹೇಳು."

"ಏನಂತ ಹೇಳಲ್ರಿ ನಾನು? ಮೇಡಂಗ ಇವತ್ತ ಕಳಸಬೇಕು ಚಿತ್ರ" ಅಂದೆ.

ಕೈ ಬಿಟ್ಟ.

ಕೆಲಸ ಮುಗಿಸಿದೆ. ಕೊನೆಗೆ ಉಳಿದದ್ದು ಜಾಲಿಮರ. ತೆಳು ಕೊಂಬೆ, ಹಿಮ ಹೆಚ್ಚು ಹೊರುವುದಿಲ್ಲ. ಮುಳ್ಳು ಕಾಣುವಷ್ಟು ಬಿಟ್ಟೆ.

ಜುಲೈ 5, ಶನಿವಾರ

ಯಾಸೀನ ಪೇಡೆ ತಂದಿದ್ದ. ವಿಚಾರಣೆ ಮುಗಿಯಿತಂತೆ.

"ನಮಗ ಏನೂ ಕಷ್ಟಾನ ಆಗ್ಲಿಲ್ಲ ಭಾಬಿ. ಮುರಿಗೆವ್ವ ತಾನ ಒಂದು ಫೋಟೋ ತಂದು ಕೊಟ್ಟಳು. ಬಂದಿದ್ದ ಸಾಹೇಬ್ರು ನೋಡಿದ್ರು. ಎಲ್ಲಾ ವಾಲ್ವೂ ಒಂದ ನಮೂನಿ ಅದಾವ, ಇದರಾಗ ಸೋರೂದು ಎಲ್ಲೈತಿ ಅಂದ್ರು. ಮತ್ತ ಈ ಕೈ ಯಾರದವ್ವಾ ಅಂತ ಕೇಳಿದ್ರು. ನನ್ನ ಗಂಡಂದ್ರಿ, ಕಡಗ ನೋಡ್ರಿ ಅಂದಳು ಆಕಿ. ವಾಲ್ವಿನ ಮ್ಯಾಲೆ ಕೈ ಇಟ್ಟಾನಲ್ಲ! ಅಲ್ಲಿಗೆ ಮುಗೀತು. ಹೆಂಡ್ತಿನ ತಂದು ಕೊಟ್ಟ ಮ್ಯಾಲೆ ಇನ್ನೇನೈತಿ?"

ಒಳಗೆ ಮಂಚ ಕಿರ್ ಅಂದ ಸದ್ದಾಯಿತು. ಯಾಸೀನನಿಗೆ ಇನ್ನೊಂದು ಕಪ್ ಚಹಾ ಕೊಟ್ಟೆ. ಮಷಿನ್ನು ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೊಳ್ಳಿ ಅಂದಿದ್ದಾರಂತೆ ಸಾಹುಕಾರರು.

ಮುರಿಗೆವ್ವನ ಫೋನು ಬಂದಿತ್ತು. ಕೈಯಲ್ಲಿ ಹಿಟ್ಟಿತ್ತು, ಎತ್ತಲಾಗಲಿಲ್ಲ. ಮತ್ತೆ ಬರಲಿಲ್ಲ. ಅವಳ ಚಟ್ನಿಯ ಡಬ್ಬಿ ಇನ್ನೂ ಇಲ್ಲೇ ಇದೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸಬೇಕು.

ಸಂಜೆ ಮೇಡಂ ಫೋನು ಮಾಡಿದರು. ಚಿತ್ರ ಪಾಸಾಯಿತು! "ಈಗ ನೋಡ್ರಿ ಖರೇ ಹಿಮ! ಬಿದ್ದು ಎಷ್ಟೋ ದಿನ ಆದಂಗ ಕೂತದ. ಯಾರೂ ಕೈಲೆ ಹಾಕ್ಯಾರ ಅನ್ನಂಗಿಲ್ಲ" ಅಂದರು. ಎರಡು ತಿಂಗಳಲ್ಲಿ ಮೊದಲ ಸಲ ಮನಸ್ಸು ಹಗುರಾಯಿತು. ನಾಸೀರನಿಗೆ ಹೇಳಿದೆ.

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬುಧವಾರದಿಂದ ಒಂದು ಮಾತೂ ಆಡಿಲ್ಲ, ಸನ್ನೆಯನ್ನೂ ಮಾಡುವುದಿಲ್ಲ. ಡಾಕ್ಟರು ಮೊದಲಿನಿಂದ ಅದನ್ನೇ ಹೇಳುತ್ತಿದ್ದರು, ಈಗಲಾದರೂ ಕೇಳುತ್ತಿದ್ದಾನೆ. ಗಂಟಲಿಗೆ ಒಳ್ಳೆಯದೇ.